ಕೂಷ್ಯನು ಬಾಯಿ ತೆರೆದನು

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಯೆರೆಮೀಯ 38:1-13 ಮತ್ತು 39:15-18

  ಎಲ್ಲರೂ ಕೂತ್ಕೊಳ್ಳಿ.

ಈಗ ಆರಾಧನೆಯಲ್ಲಿ ದೇವರ ಪ್ರಸನ್ನತೆ ಎಷ್ಟು ಬಲವಾಗಿತ್ತು ಅಂತ ನೀವೇ ನೋಡಿದ್ರಿ. ಅನೇಕರು ಆತ್ಮದಲ್ಲಿ ತುಂಬಿ ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡ್ತಾ ಇದ್ರಿ. ದೇವರಿಗೆ ಸ್ತೋತ್ರ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮ ದೇವರು ಇಳಿದು ಬಂದಾಗ ಶಿಷ್ಯರಲ್ಲಿ ಮೊದಲು ಬದಲಾದದ್ದು ಯಾವುದು? ಬಾಯಿ. ಬಾಗಿಲು ಹಾಕ್ಕೊಂಡು ಕೂತಿದ್ದವರು ಬೀದಿಗೆ ಬಂದು ಮಾತಾಡಿದರು. ಅದಕ್ಕೇ ಇವತ್ತು ನಿಮ್ಮನ್ನ ಒಂದು ಪ್ರಶ್ನೆ ಕೇಳ್ತೀನಿ. ಈ ಹಾಲ್ ಒಳಗೆ ಆತ್ಮನು ತೆರೆದ ನಮ್ಮ ಬಾಯಿ, ಹೊರಗೆ ಹೋದ ಮೇಲೆ ಯಾರಿಗೋಸ್ಕರ ತೆರೆಯುತ್ತೆ?

ಯೆರೆಮೀಯ 38ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ತೆಗೆದವರು ನೋಟಿಫಿಕೇಶನ್ ಆಫ್ ಮಾಡಿ.

ಯೆರೂಸಲೇಮಿನ ಸುತ್ತ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದೆ. ಒಳಗಿದ್ದವರು ಹೊರಗೆ ಹೋಗೋ ಹಾಗಿಲ್ಲ, ಹೊರಗಿನ ಕಾಳು ಒಳಗೆ ಬರೋ ಹಾಗಿಲ್ಲ. ಊರಲ್ಲಿ ರೊಟ್ಟಿ ಮುಗಿಯುತ್ತಾ ಬಂದಿದೆ. ಆ ಹೊತ್ತಿನಲ್ಲಿ ಯೆರೆಮೀಯ ಪ್ರವಾದಿ ದೇವರು ಕೊಟ್ಟ ಮಾತನ್ನೇ ಹೇಳಿದ. ಶರಣಾದರೆ ಪ್ರಾಣ ಉಳಿಯುತ್ತೆ ಅಂದ. ಅಧಿಕಾರಿಗಳಿಗೆ ಸಿಟ್ಟು ಬಂತು. ಇವನು ಸೈನಿಕರ ಧೈರ್ಯ ಕೆಡಿಸ್ತಾನೆ, ಇವನು ಬದುಕಬಾರದು ಅಂತ ರಾಜನ ಮುಂದೆ ದೂರು ಕೊಟ್ಟರು. ರಾಜ ಚಿದ್ಕೀಯ ಏನು ಮಾಡಿದ? ನಿಮಗೆ ತೋಚಿದ್ದು ಮಾಡಿ, ನಾನು ಅಡ್ಡ ಬರೋದಕ್ಕಾಗಲ್ಲ ಅಂತ ಕೈ ತೊಳ್ಕೊಂಡ. ಅವರು ಪ್ರವಾದಿಯನ್ನ ಹಗ್ಗದಿಂದ ಬಾವಿಗೆ ಇಳಿಸಿದರು. ಬಾವಿಯಲ್ಲಿ ನೀರಿರಲಿಲ್ಲ, ಬರೀ ಕೆಸರು. ಯೆರೆಮೀಯ ಆ ಕೆಸರಿನಲ್ಲಿ ಹೂತುಹೋದ.

ಊರು ತುಂಬಾ ಯಾಜಕರಿದ್ದರು. ದೇವಾಲಯ ಇತ್ತು. ಧರ್ಮಶಾಸ್ತ್ರ ಬಾಯಿಪಾಠ ಬರ್ತಿದ್ದವರು ಎಷ್ಟೋ ಜನ. ಆದರೆ ಈ ಅಧ್ಯಾಯದಲ್ಲಿ ಅವನಿಗೋಸ್ಕರ ರಾಜನ ಹತ್ತಿರ ಹೋದವನು ಒಬ್ಬನೇ. ಅವನು ಯೆಹೂದ್ಯನಲ್ಲ. ಅರಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಕಂಚುಕಿ, ಪರದೇಶದವನು. ಹೆಸರು ಎಬೆದ್ಮೆಲೆಕ. ಆ ಹೆಸರಿನ ಅರ್ಥ ರಾಜನ ಸೇವಕ ಅಂತ ಅಷ್ಟೇ. ಅವನ ಊರು ಯಾವುದು? ಕೂಷ್. ಪಕ್ಕದಲ್ಲಿರುವವರಿಗೆ ಹೇಳಿ: ಕೂಷ್.

ಪ್ರಿಯರೇ, ಈ ಕೂಷ್ ಎಲ್ಲಿದೆ? ಈಜಿಪ್ಟಿನ ದಕ್ಷಿಣಕ್ಕೆ, ನೈಲ್ ನದಿಯ ದಡದಲ್ಲಿ. ಇವತ್ತಿನ ಭೂಪಟದಲ್ಲಿ ಆ ಜಾಗದ ಹೆಸರು ಸುಡಾನ್. ಯೆಶಾಯ 37ರಲ್ಲಿ ಬರುವ ಕೂಷಿನ ಅರಸ ತಿರ್ಹಾಕ ಅಲ್ಲಿಯವನು. ಆ ನಾಡಿನ ಮೆರೋಯೆ ಎಂಬ ಹಳೆಯ ರಾಜಧಾನಿಯಲ್ಲಿ ಇವತ್ತಿಗೂ ಪಿರಮಿಡ್‌ಗಳ ಸಾಲೇ ನಿಂತಿದೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಫಿಲಿಪ್ಪನು ರಥದ ಪಕ್ಕ ಓಡಿ ಒಬ್ಬ ಕಂಚುಕಿಗೆ ಸುವಾರ್ತೆ ಹೇಳಿ ದೀಕ್ಷಾಸ್ನಾನ ಮಾಡಿಸ್ತಾನಲ್ಲ, ಅವನು ಕಂದಾಕೆ ರಾಣಿಯ ಖಜಾನೆ ನೋಡ್ಕೊಳ್ತಿದ್ದವನು. ಕಂದಾಕೆ ಅನ್ನೋದು ಒಬ್ಬಳ ಹೆಸರಲ್ಲ, ಮೆರೋಯೆಯ ರಾಣಿಯರಿಗಿದ್ದ ಬಿರುದು. ನಮ್ಮ ಬೈಬಲ್‌ನಲ್ಲಿ ಐಥಿಯೋಪ್ಯ ಅಂತ ಓದ್ತೀವಿ, ಆದರೆ ಆ ಮನುಷ್ಯ ಇವತ್ತಿನ ಸುಡಾನಿನ ಕಡೆಯವನು. ಆಮೇಲೆ ಅದೇ ನೈಲ್ ದಡದಲ್ಲಿ 6ನೇ ಶತಮಾನದಿಂದ ಸುಮಾರು 15ನೇ ಶತಮಾನದವರೆಗೆ ಕ್ರೈಸ್ತ ರಾಜ್ಯಗಳಿದ್ದವು. ಸತ್ಯವೇದ ಓದುವ ನಮಗೆ ಆ ನಾಡು ಅಪರಿಚಿತ ಅಲ್ಲ.

ಈಗ ಅಲ್ಲಿ ಏನಾಗ್ತಿದೆ? ಕೇಳ್ತಾ ಇದ್ದೀರಾ? ಆಮೆನ್ ಹೇಳಿ.

2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡಿನ ಸದ್ದು ಶುರುವಾಯಿತು. ಒಂದು ಕಡೆ ದೇಶದ ಸೇನೆ, ಅದರ ಮುಖ್ಯಸ್ಥ ಜನರಲ್ ಬುರ್ಹಾನ್. ಇನ್ನೊಂದು ಕಡೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ, ಅದರ ಮುಖ್ಯಸ್ಥ ಹೆಮೆಟ್ಟಿ ಅಂತ ಕರೆಯುವ ಮೊಹಮ್ಮದ್ ಹಮ್ದಾನ್ ದಗಾಲೊ. ಇವರಿಬ್ಬರೂ ಸೇರಿಯೇ 2021ರಲ್ಲಿ ಅಧಿಕಾರ ಕಿತ್ಕೊಂಡಿದ್ದರು. ಆಮೇಲೆ ಒಬ್ಬರಿಗೊಬ್ಬರು ತಿರುಗಿಬಿದ್ದರು. ಸಿಕ್ಕಿಹಾಕಿಕೊಂಡದ್ದು ಜನ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಮಾರು 1 ಕೋಟಿ 20 ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು. ಹೆಚ್ಚುಕಡಿಮೆ ಇಡೀ ಬೆಂಗಳೂರು ಖಾಲಿಯಾದ ಹಾಗೆ. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಒಂದು ಮನೆಯಲ್ಲೂ ದೀಪ ಉರಿಯದ ರಾತ್ರಿಯನ್ನ ಯೋಚನೆ ಮಾಡಿ.

ನಿಮ್ಮಲ್ಲಿ ಕೆಲವರಿಗೆ ಆಗಲೇ ಮನಸ್ಸಿನಲ್ಲಿ ಪ್ರಶ್ನೆ ಬಂದಿರುತ್ತೆ. ಪಾಸ್ಟರ್, ಅದು ಎಲ್ಲೋ ದೂರದ ಆಫ್ರಿಕ. ನಮಗೂ ಅದಕ್ಕೂ ಏನು?

ಒಂದು ನೆನಪು ಮಾಡ್ಕೊಳ್ಳಿ. ಆ ಯುದ್ಧ ಶುರುವಾದ ವಾರದಲ್ಲಿ ನಮ್ಮ ಕನ್ನಡ ಚಾನೆಲ್‌ಗಳಲ್ಲಿ ಸುಡಾನ್ ದಿನಾ ಬರ್ತಿತ್ತು. ಯಾಕೆ? ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರೋದಕ್ಕೆ ಹೋದವರು. ಮೊದಲು ಸುದ್ದಿಯಾದದ್ದು 31 ಜನರ ವಿಷಯ. ಅವರಲ್ಲಿ ಅನೇಕರಿದ್ದದ್ದು ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ, ಒಂದು ಬಾಡಿಗೆ ಮನೆಯಲ್ಲಿ. ಹೊರಗೆ ಗುಂಡು, ಒಳಗೆ ಅನ್ನ ನೀರಿಲ್ಲ. ಅವರು ಫೋನ್ ಮಾಡಿ ಕನ್ನಡದಲ್ಲಿ ಅತ್ತರು. ಇಡೀ ಕರ್ನಾಟಕ ಕೇಳಿಸಿಕೊಳ್ತು. ಚುನಾವಣೆ ಸಮಯ ಬೇರೆ, ಎಲ್ಲ ಪಕ್ಷದವರೂ ಬಾಯಿ ತೆರೆದರು. ಭಾರತ ಸರ್ಕಾರ ಆಪರೇಷನ್ ಕಾವೇರಿ ನಡೆಸಿತು. ನಮ್ಮ ನದಿಯ ಹೆಸರು. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಹೋಗಿ ಒಟ್ಟು 3,862 ಜನರನ್ನ ಕರ್ಕೊಂಡು ಬಂದವು. ದೇವರಿಗೆ ಸ್ತೋತ್ರ. ಬಾಯಿ ತೆರೆದರೆ ಏನಾಗುತ್ತೆ ಅಂತ ಕೇಳೋರಿಗೆ ಅದೇ ಉತ್ತರ.

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. ನಮ್ಮವರು ಬಂದರು, ಚಾನೆಲ್‌ನವರು ಬೇರೆ ಸುದ್ದಿಗೆ ಹೋದರು. ನಮ್ಮವರಿದ್ದ ಆ ನಗರ ಅಲ್ಲೇ ಉಳೀತು. ಅಕ್ಕಪಕ್ಕದ ಮನೆಯವರು ಉಳಿದರು. ಬೀದಿ ಕೊನೆಯಲ್ಲಿ ರೊಟ್ಟಿ ಮಾರ್ತಿದ್ದವನು ಉಳಿದ. 2024ರಲ್ಲಿ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. 500ಕ್ಕೂ ಹೆಚ್ಚು ದಿನ. ಯೆರೂಸಲೇಮಿನ ಹಾಗೆಯೇ, ಒಳಗಿನವರು ಹೊರಗಿಲ್ಲ, ಹೊರಗಿನ ಕಾಳು ಒಳಗಿಲ್ಲ. ಊರಿನ ಪಕ್ಕದ ಜಮ್ಜಮ್ ನಿರಾಶ್ರಿತರ ಶಿಬಿರದಲ್ಲಿ ಬರಗಾಲ ಇದೆ ಅಂತ 2024ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ತೀರ್ಮಾನವಾಯಿತು. ಊರೊಳಗಿನ ಜನ ದನಕ್ಕೆ ಹಾಕುವ ಹಿಂಡಿ ತಿಂದರು. ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಆ ಹಿಂಡಿ. 2025ರ ಅಕ್ಟೋಬರ್ 26ರಂದು ನಗರ ಬಿತ್ತು. ಆಮೇಲೆ ನಡೆದದ್ದನ್ನ ಪೂರ್ತಿ ಇಲ್ಲಿ ಹೇಳಲ್ಲ, ಮಕ್ಕಳಿದ್ದಾರೆ. ಒಂದು ಹೆರಿಗೆ ಆಸ್ಪತ್ರೆಯಲ್ಲೇ 460ಕ್ಕೂ ಹೆಚ್ಚು ರೋಗಿಗಳು ಮತ್ತು ಅವರ ಜೊತೆಗಿದ್ದವರು ಕೊಲ್ಲಲ್ಪಟ್ಟ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ಆಸ್ಪತ್ರೆ ಪ್ರಿಯರೇ.

ಅದೇ ನಗರ. 2023ರಲ್ಲಿ ಅಲ್ಲಿಂದ ಕನ್ನಡದಲ್ಲಿ ಬಂದ ಅಳು ನಮಗೆ ಕೇಳಿಸಿತು. 2025ರಲ್ಲಿ ಅರಬ್ಬಿಯಲ್ಲಿ ಬಂದ ಅಳು ಕೇಳಿಸಲಿಲ್ಲ. ಊರು ಎಷ್ಟು ದೂರ ಇತ್ತೋ ಅಷ್ಟೇ ದೂರ ಇದೆ. ಹಾಗಾದರೆ ದೂರ ಅನ್ನೋದು ಕಿಲೋಮೀಟರ್ ಲೆಕ್ಕ ಅಲ್ಲ. ನಮ್ಮವರು ಯಾರು ಅಂತ ನಾವು ಎಳೆದಿರೋ ಗೆರೆಯ ಲೆಕ್ಕ. ಆ ಗೆರೆಯನ್ನೇ ಯೇಸು ಸ್ವಾಮಿ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಅಳಿಸಿ ಹಾಕಿದರು. ನನ್ನ ನೆರೆಯವನು ಯಾರು ಅಂತ ಕೇಳಿದ ಧರ್ಮೋಪದೇಶಕನಿಗೆ, ನೀನು ಯಾರಿಗೆ ನೆರೆಯವನಾದೆ ಅಂತ ಪ್ರಶ್ನೆಯನ್ನೇ ತಿರುಗಿಸಿ ಇಟ್ಟರು.

ಈಗ ಎಬೆದ್ಮೆಲೆಕನ ಹತ್ತಿರ ಬರೋಣ. ಬಾಯಿ ತೆರೆಯೋದು ಹೇಗೆ ಅಂತ ಅವನು ನಮಗೆ ನಾಲ್ಕು ವಿಷಯ ಕಲಿಸ್ತಾನೆ. ಬರ್ಕೊಳ್ಳಿ.

ಮೊದಲನೆಯದು, ಅವನು ಕೇಳಿಸಿಕೊಂಡ. ಏಳನೇ ವಚನ ನೋಡಿ. ಯೆರೆಮೀಯನನ್ನ ಬಾವಿಗೆ ಹಾಕಿದ ಸುದ್ದಿ ಅರಮನೆಯಲ್ಲಿದ್ದ ಅವನ ಕಿವಿಗೆ ಬಿತ್ತು. ಆ ಸುದ್ದಿ ಅರಮನೆಯಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದಿರಬೇಕು. ಕೇಳಿದ ಮೇಲೆ ಎದ್ದವನು ಇವನು. ನಮ್ಮ ಕಿವಿಗೂ ದಿನಾ ಸುದ್ದಿ ಬೀಳುತ್ತೆ. ಬೆರಳು ಮೇಲಕ್ಕೆ ಸರಿಸಿದರೆ ಬಾಂಬ್ ಬಿದ್ದ ಮನೆ, ಇನ್ನೊಂದು ಸರಿಸಿದರೆ ಬಿರಿಯಾನಿ ರೆಸಿಪಿ. ನಾನು ನಿಮ್ಮನ್ನ ಇಡೀ ಲೋಕದ ಎಲ್ಲಾ ಯುದ್ಧದ ಬಗ್ಗೆ ಓದಿ ಅಂತ ಹೇಳಲ್ಲ. ಗಾಜಾ ಇದೆ, ಉಕ್ರೇನ್ ಇದೆ, ಮ್ಯಾನ್ಮಾರ್ ಇದೆ, ಕಾಂಗೋ ಇದೆ. ಎಲ್ಲವನ್ನೂ ಹೊರೋದಕ್ಕೆ ಹೋದರೆ ಎದೆ ಒಡೆದುಹೋಗುತ್ತೆ, ಆಮೇಲೆ ಯಾವುದನ್ನೂ ಹೊರಲ್ಲ. ದೇವರು ನಿಮ್ಮ ಮನಸ್ಸಿನ ಮೇಲೆ ಇಡುವ ಒಂದು ಜನಾಂಗವನ್ನ ಹಿಡೀರಿ. ಅವರ ಊರುಗಳ ಹೆಸರು ಕಲೀರಿ. ಹೆಸರಿಟ್ಟು ಪ್ರಾರ್ಥನೆ ಮಾಡಿ. ಕರ್ತನೇ ಲೋಕಕ್ಕೆ ಸಮಾಧಾನ ಕೊಡು ಅನ್ನೋ ಪ್ರಾರ್ಥನೆ ತಪ್ಪಲ್ಲ. ಆದರೆ ಕರ್ತನೇ, ಎಲ್ ಫಾಶರ್‌ನಿಂದ ತವೀಲಾ ಊರಿಗೆ ಮಗು ಎತ್ತಿಕೊಂಡು ನಡೆದು ಬರ್ತಿರೋ ತಾಯಿಗೆ ಇವತ್ತು ನೀರು ಸಿಗಲಿ ಅಂತ ಪ್ರಾರ್ಥಿಸುವಾಗ ನಿಮ್ಮ ಮೊಣಕಾಲಿಗೆ ಬೇರೆ ಭಾರ ಬರುತ್ತೆ.

ಎರಡನೆಯದು, ಇವನು ನಮ್ಮವನಾ ಅಂತ ಅವನು ಕೇಳಲಿಲ್ಲ. ಯೆರೆಮೀಯ ಅವನ ಜಾತಿಯವನಲ್ಲ, ದೇಶದವನಲ್ಲ, ಭಾಷೆಯವನಲ್ಲ. ಇಲ್ಲಿ ನಾನು ನೇರವಾಗಿ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಯುದ್ಧದ ಸುದ್ದಿ ಬಂದ ತಕ್ಷಣ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೊದಲ ಪ್ರಶ್ನೆ ಏನು? ಅಲ್ಲಿ ಕ್ರೈಸ್ತರು ಎಷ್ಟು ಜನ? ವಿಶ್ವಾಸಿಗಳಿಗೋಸ್ಕರ ಅಳೋದು ಸರಿ, ಗಲಾತ್ಯದವರಿಗೆ ಪೌಲನು ಬರೆದ ಹಾಗೆ ಅವರು ನಮ್ಮ ಮನೆತನದವರು. ಆದರೆ ಪೌಲನು ಅದೇ ವಾಕ್ಯದಲ್ಲಿ ಎಲ್ಲರನ್ನೂ ಮೊದಲು ಸೇರಿಸ್ತಾನೆ. ಸುಡಾನಿನಲ್ಲಿ ಹೆಚ್ಚಿನವರು ಮುಸ್ಲಿಮರು. ಕೊಲ್ಲುವವರಲ್ಲೂ ಹೆಚ್ಚಿನವರು ಅವರೇ, ಸಾಯುವವರಲ್ಲೂ ಹೆಚ್ಚಿನವರು ಅವರೇ. ಚರ್ಚ್‌ಗಳ ಮೇಲೂ ದಾಳಿ ಆಗಿದೆ, ಮಸೀದಿಗಳ ಮೇಲೂ ಆಗಿದೆ. ಈ ಕಣ್ಣೀರನ್ನ ತಗೊಂಡು ಯಾವುದೋ ಧರ್ಮದ ಜಗಳಕ್ಕೆ ಸಾಕ್ಷಿ ಮಾಡ್ಕೋಬೇಡಿ. ಬಾವಿಯಲ್ಲಿ ಬಿದ್ದವನು ಕೂಗ್ತಾ ಇದ್ದಾಗ ಹಗ್ಗ ಹಿಡಿದವನು ನೀನು ಯಾವ ಸಭೆ ಅಂತ ಕೇಳಲ್ಲ.

ಹೋದ ತಿಂಗಳು ಕಮ್ಮನಹಳ್ಳಿ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಆಫ್ರಿಕದ ಹುಡುಗ ವೀಸಾ ಕಾಗದಗಳ ಪ್ರತಿ ಮಾಡಿಸ್ತಾ ಇದ್ದ. ಅಂಗಡಿಯವರು ಪಾಸ್‌ಪೋರ್ಟ್ ಮಷಿನ್ ಮೇಲಿಡುವಾಗ ನೋಡಿದರು. ಸುಡಾನಾ? ಅಲ್ಲಿ ಯುದ್ಧ ಅಲ್ವಾ? ಮನೇಲಿ ಎಲ್ಲ ಹೇಗಿದ್ದಾರಪ್ಪ? ಅಂತ ಕನ್ನಡದಲ್ಲೇ ಕೇಳಿಬಿಟ್ಟರು. ಹುಡುಗನಿಗೆ ಅರ್ಥವಾಯಿತು. ಅರ್ಧ ಇಂಗ್ಲಿಷ್, ಅಲ್ಲೊಂದು ಇಲ್ಲೊಂದು ಕನ್ನಡದಲ್ಲಿ ಹೇಳಿದ. ಊರು ಒಮ್ದುರ್ಮಾನ್. ತಾಯಿ, ತಂಗಿ ಪೋರ್ಟ್ ಸುಡಾನ್‌ಗೆ ಓಡಿಹೋಗಿದ್ದಾರೆ. ಅಣ್ಣನ ಫೋನ್ ಎರಡು ವರ್ಷದಿಂದ ಸ್ವಿಚ್ ಆಫ್. ಆದರೂ ಪ್ರತಿ ಶುಕ್ರವಾರ ಒಂದ್ಸಲ ಆ ನಂಬರ್‌ಗೆ ಮಾಡ್ತಾನಂತೆ. ಕ್ಯೂನಲ್ಲಿದ್ದ ಐದಾರು ಜನ ಯಾರೂ ಬೇಗ ಮಾಡಿ ಅನ್ನಲಿಲ್ಲ. ಅಂಗಡಿಯವರು ಆ ದಿನ ಅವನ ಹತ್ತಿರ ದುಡ್ಡು ತಗೊಳ್ಳಲಿಲ್ಲ. ಅವರ ಗೋಡೆ ಮೇಲೆ ಬೇರೆ ದೇವರ ಫೋಟೋ ಇತ್ತು. ಆದರೆ ಆ ಒಂದು ಪ್ರಶ್ನೆ ಕೇಳಿದರಲ್ಲ, ಮನೇಲಿ ಎಲ್ಲ ಹೇಗಿದ್ದಾರೆ ಅಂತ, ಅದು ಎಬೆದ್ಮೆಲೆಕನ ಕೆಲಸ. ನಿಮ್ಮ ಕಾಲೇಜಿನಲ್ಲಿ, ಪಿಜಿಯಲ್ಲಿ, ಲ್ಯಾಬ್‌ನಲ್ಲಿ ಇಂಥ ಹುಡುಗರು ಹುಡುಗಿಯರು ಇದ್ದಾರೆ. ಹೆಸರು ಕೇಳಿ. ಮನೆಯವರು ಹೇಗಿದ್ದಾರೆ ಅಂತ ಕೇಳಿ. ಉತ್ತರ ಮುಗಿಯೋವರೆಗೂ ನಿಲ್ಲಿ.

ಮೂರನೆಯದು, ಅವನು ರಾಜನ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ರಾಜ ಆಗ ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದ. ಎಲ್ಲರೂ ಓಡಾಡೋ ಜಾಗ. ಅಲ್ಲಿ ಹೋಗಿ ನಿಂತು ಹೇಳಿದ. ಒಡೆಯಾ, ಈ ಮನುಷ್ಯರು ಮಾಡಿದ್ದು ಕೆಟ್ಟದ್ದು, ಅವನು ಬಾವಿಯಲ್ಲೇ ಹಸಿವಿನಿಂದ ಸಾಯ್ತಾನೆ ಅನ್ನೋದು ಅವನ ಮಾತಿನ ಸಾರ. ಬೈಯಲಿಲ್ಲ, ಉದ್ದ ಭಾಷಣ ಮಾಡಲಿಲ್ಲ. ಕೆಟ್ಟದ್ದನ್ನ ಕೆಟ್ಟದ್ದು ಅಂದ. ಅವನು ಎದುರು ಹಾಕ್ಕೊಂಡದ್ದು ಯಾರನ್ನ ಗೊತ್ತಾ? ರಾಜನೇ ಹೆದರ್ತಿದ್ದ ಅಧಿಕಾರಿಗಳನ್ನ. ಮೊದಲು ನನ್ನಿಂದ ಏನೂ ಆಗಲ್ಲ ಅಂದಿದ್ದ ರಾಜ, ಇವನ ಮಾತು ಕೇಳಿದ ಮೇಲೆ ಮೂವತ್ತು ಜನರನ್ನ ಕರ್ಕೊಂಡು ಹೋಗಿ ಎತ್ತು ಅಂದ. ಒಬ್ಬ ಕೆಲಸದಾಳಿನ ಮಾತಿಗೆ ರಾಜನ ನಾಲಿಗೆ ತಿರುಗಿತು. ಹಲ್ಲೆಲೂಯಾ!

ಕೆಲವರು ಹೇಳ್ತಾರೆ, ಪಾಸ್ಟರ್, ಇದೆಲ್ಲ ಕೊನೇ ಕಾಲದ ಗುರುತು, ಮತ್ತಾಯ 24ರಲ್ಲಿ ಕರ್ತನೇ ಹೇಳಿದ್ದಾರೆ, ಆಗಬೇಕಾದ್ದು ಆಗ್ತಾ ಇದೆ. ನಾನೂ ಕರ್ತನ ಬರುವಿಕೆಯನ್ನ ನಂಬ್ತೀನಿ. ಕಾಯ್ತಾ ಇದ್ದೀನಿ. ಆದರೆ ಅದೇ ಮತ್ತಾಯದಲ್ಲಿ ಒಂದೇ ಒಂದು ಪುಟ ಮುಂದೆ ಹೋಗಿ, 25ನೇ ಅಧ್ಯಾಯ. ಬಂದ ಕರ್ತನು ಕೇಳುವ ಲೆಕ್ಕ ಏನು? ಹಸಿದವನು, ಪರದೇಶಿ, ಬಟ್ಟೆ ಇಲ್ಲದವನು, ಸೆರೆಯಲ್ಲಿದ್ದವನು. ಯುದ್ಧ ಗುರುತಾಗಿರಬಹುದು. ಆದರೆ ಆ ಯುದ್ಧದಲ್ಲಿ ಹಸಿದಿರುವ ಮಗು ಗುರುತಲ್ಲ, ಮಗು. ಅದರ ಮುಖದಲ್ಲಿ ಕರ್ತನು ತನ್ನನ್ನೇ ಇಟ್ಟಿದ್ದಾನೆ.

ಇನ್ನು ಕೆಲವರದ್ದು, ನಾನೊಂದು ಸ್ಟೇಟಸ್ ಹಾಕಿದರೆ ಯುದ್ಧ ನಿಲ್ಲುತ್ತಾ? ಇಲ್ಲ. ಎಬೆದ್ಮೆಲೆಕನೂ ಯುದ್ಧ ನಿಲ್ಲಿಸಲಿಲ್ಲ. ಯೆರೂಸಲೇಮ್ ಬಿದ್ದೇ ಬಿತ್ತು. ಅವನು ಮಾತಾಡಿದ್ದರಿಂದ ಒಬ್ಬ ಮನುಷ್ಯ ಬಾವಿಯಿಂದ ಮೇಲೆ ಬಂದ. ದೇವರು ಅವನಿಂದ ಕೇಳಿದ್ದು ಅಷ್ಟನ್ನೇ.

ಹಾಗಾದರೆ ನಮ್ಮ ರಾಜ ಯಾರು? ಪ್ರಜಾಪ್ರಭುತ್ವದಲ್ಲಿ ನಿಮಗೊಬ್ಬ ಸಂಸದರಿದ್ದಾರೆ. ಲೋಕಸಭೆಯಲ್ಲಿ ವಿದೇಶಾಂಗ ಇಲಾಖೆಗೆ ಪ್ರಶ್ನೆ ಕೇಳೋ ಅಧಿಕಾರ ಅವರಿಗಿದೆ. ಒಂದು ಪುಟದ ಕಾಗದ ಬರೀರಿ. ಸುಡಾನಿಗೆ ಭಾರತ ಕಳಿಸುವ ಔಷಧಿ, ಆಹಾರ ಹೆಚ್ಚಾಗಲಿ, ಆಯುಧ ಮತ್ತು ಹಣ ಹರಿಯುವ ದಾರಿ ಮುಚ್ಚಬೇಕು ಅಂತ ಅಂತರರಾಷ್ಟ್ರೀಯ ಸಭೆಗಳಲ್ಲಿ ನಮ್ಮ ದೇಶ ಗಟ್ಟಿಯಾಗಿ ಮಾತಾಡಲಿ, ಇಲ್ಲಿ ಓದ್ತಿರೋ ಸುಡಾನ್ ವಿದ್ಯಾರ್ಥಿಗಳ ವೀಸಾ ವಿಷಯದಲ್ಲಿ ಕನಿಕರ ಇರಲಿ ಅಂತ ವಿನಯದಿಂದ ಕೇಳಿ. ಈ ಯುದ್ಧಕ್ಕೆ ಎಣ್ಣೆ ಹೊಯ್ಯುತ್ತಿರೋದರಲ್ಲಿ ಸುಡಾನಿನ ಚಿನ್ನವೂ ಒಂದು. ಗಣಿಗಳು ಬಂದೂಕು ಹಿಡಿದವರ ಕೈಯಲ್ಲಿವೆ. ಇನ್ನೊಂದು ವಿಷಯ ಕೇಳಿ. ನೀವು ಕುಡಿಯೋ ಕೋಲಾದಲ್ಲಿ, ಚೂಯಿಂಗ್ ಗಮ್‌ನಲ್ಲಿ ಅರೇಬಿಕ್ ಗೋಂದು ಅಂತ ಬಳಸ್ತಾರೆ. ನಮ್ಮ ಗೋಕಾಕ, ಅಮೀನಗಡದ ಕರದಂಟಿಗೆ ಹಾಕೋ ಅಂಟಿದೆಯಲ್ಲ, ಅದರ ಹಾಗೆ ಜಾಲಿ ಜಾತಿಯ ಮರದಿಂದ ಒಸರುವಂಥದ್ದು. ಲೋಕಕ್ಕೆ ಬೇಕಾದ ಆ ಗೋಂದಿನಲ್ಲಿ ಬಹುಪಾಲು ಬರೋದು ಸುಡಾನಿನಿಂದ, ಡಾರ್ಫರ್, ಕೊರ್ದೊಫಾನ್ ಕಡೆಯ ಮರಗಳಿಂದ. ಅವರ ಬೆವರು ನಮ್ಮ ನಾಲಿಗೆ ಮೇಲೆ ಆಗಲೇ ಇದೆ. ಆ ನಾಲಿಗೆ ಅವರಿಗೋಸ್ಕರ ಒಂದು ಮಾತು ಆಡಲಿ.

ನಾಲ್ಕನೆಯದು, ಇದು ನನಗೆ ತುಂಬಾ ಪ್ರಿಯವಾದದ್ದು. ಹನ್ನೊಂದು, ಹನ್ನೆರಡನೇ ವಚನ. ಮೂವತ್ತು ಜನ ಇದ್ದಾರೆ, ಹಗ್ಗ ಇದೆ. ಇಳಿಸಿ ಎಳೆದರೆ ಆಯ್ತಲ್ಲ? ಎಬೆದ್ಮೆಲೆಕ ಮೊದಲು ಅರಮನೆಯ ಉಗ್ರಾಣಕ್ಕೆ ಹೋದ. ಹಳೇ ಬಟ್ಟೆ, ಹರಕು ಚಿಂದಿ ಹುಡುಕಿ ತಂದ. ಅದನ್ನ ಹಗ್ಗದ ಜೊತೆ ಇಳಿಸಿ, ಕಂಕುಳಿಗೆ ಇಟ್ಕೋ, ಅದರ ಮೇಲೆ ಹಗ್ಗ ಹಾಕ್ಕೋ ಅಂತ ಯೆರೆಮೀಯನಿಗೆ ಹೇಳಿದ. ಯಾಕೆ? ಎಳೆಯುವಾಗ ಚರ್ಮ ಕಿತ್ತುಹೋಗಬಾರದು. ಸಹಾಯ ಮಾಡೋ ಹಗ್ಗವೇ ನೋಯಿಸಬಾರದು.

ನಮ್ಮ ಮಾತಿಗೂ ಆ ಹಳೇ ಬಟ್ಟೆ ಬೇಕು. ಸತ್ತವರ ಫೋಟೋ, ರಕ್ತದ ವಿಡಿಯೊ ಹಂಚಬೇಡಿ. ಅದು ಯಾರದೋ ಮಗಳು. ಆ ಝೆರಾಕ್ಸ್ ಅಂಗಡಿಯ ಹುಡುಗನ ಫೋನ್‌ಗೂ ಅದು ಹೋಗುತ್ತೆ. ಯುದ್ಧದ ಸಮಯದಲ್ಲಿ ಹಳೇ ವಿಡಿಯೊ ಹೊಸದರ ಹಾಗೆ ಓಡಾಡುತ್ತೆ, ಬೇರೆ ದೇಶದ್ದು ಈ ದೇಶದ್ದಾಗುತ್ತೆ, ಎಐನಲ್ಲಿ ಮಾಡಿದ್ದೂ ಬರುತ್ತೆ. ಗೊತ್ತಿಲ್ಲದ್ದನ್ನ ಫಾರ್ವರ್ಡ್ ಮಾಡೋದು ಒಂಬತ್ತನೇ ಆಜ್ಞೆಯ ವಿಷಯ, ಸುಳ್ಳು ಸಾಕ್ಷಿ. ಬಾಯಿ ತೆರೆಯುವವನು ಸತ್ಯವನ್ನೇ ಹೇಳಬೇಕು, ಕಡಿಮೆ ಹೇಳಿದರೂ ಪರವಾಗಿಲ್ಲ. ಅವರ ಪರವಾಗಿ ಮಾತಾಡುವಾಗ ಅವರು ಮಾಡ್ತಿರೋ ಕೆಲಸವನ್ನೂ ಹೇಳಿ. ಸುಡಾನಿನ ಜನ ಬರೀ ಕೈ ಚಾಚಿಕೊಂಡು ಕೂತಿಲ್ಲ. ಅಲ್ಲಿನ ಬೀದಿ ಬೀದಿಗಳಲ್ಲಿ ನಿಮ್ಮ ವಯಸ್ಸಿನವರೇ ಸೇರಿ ತುರ್ತು ನೆರವಿನ ತಂಡಗಳನ್ನ ಕಟ್ಟಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಬೇಳೆ, ಹುರುಳಿಕಾಯಿ ಬೀಜ ಬೇಯಿಸಿ ಓಣಿಯವರಿಗೆಲ್ಲ ಹಂಚ್ತಾರೆ. ಗಾಯಗೊಂಡವರನ್ನ ಹೊತ್ತುಕೊಂಡು ಹೋಗ್ತಾರೆ. ಎರಡೂ ಕಡೆಯ ಬಂದೂಕಿಗೆ ಸಿಕ್ಕಿ ಅವರಲ್ಲಿ ಎಷ್ಟೋ ಸ್ವಯಂಸೇವಕರು ಸತ್ತಿದ್ದಾರೆ. 2025ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರಿಗೆ ನಮ್ಮ ಕನಿಕರ ಮಾತ್ರ ಸಾಲದು, ಗೌರವವೂ ಸಲ್ಲಬೇಕು.

ಈಗ ಕಥೆಯ ಕೊನೆ. 39ನೇ ಅಧ್ಯಾಯ, 15ರಿಂದ 18. ಊರು ಬೀಳುವ ಮುಂಚೆ ದೇವರು ಯೆರೆಮೀಯನ ಮೂಲಕ ಈ ಕೂಷ್ಯನಿಗೆ ಒಂದು ಮಾತು ಕಳಿಸ್ತಾರೆ. ಹೆಸರು ಹೇಳಿ ಕಳಿಸ್ತಾರೆ. ನೀನು ಹೆದರುವವರ ಕೈಗೆ ನಿನ್ನನ್ನ ಕೊಡಲ್ಲ, ನಿನ್ನ ಪ್ರಾಣ ಉಳಿಸ್ತೀನಿ, ಯಾಕೆಂದರೆ ನೀನು ನನ್ನಲ್ಲಿ ಭರವಸೆ ಇಟ್ಟೆ ಅನ್ನೋದು ಅದರ ಅರ್ಥ. ಒಂದು ವಿಷಯ ಗಮನಿಸಿ. ಅವನಿಗೆ ಹೆದರಿಕೆ ಇತ್ತು. ದೇವರಿಗೆ ಅದು ಗೊತ್ತಿತ್ತು. ಹೆದರಿಕೆ ಇಲ್ಲದವನು ಬಾಯಿ ತೆರೆದದ್ದಲ್ಲ, ಹೆದರಿಕೆ ಇದ್ದವನು ತೆರೆದ. ನಿಮ್ಮಲ್ಲಿ ಕೆಲವರಿಗೆ ಇದೇ ಹೆದರಿಕೆ. ನಾನು ಮಾತಾಡಿದರೆ ಆಫೀಸಿನಲ್ಲಿ ಏನಂತಾರೆ, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾವ ಹೆಸರಿಟ್ಟು ಕರೀತಾರೆ? ಯೆರೆಮೀಯನನ್ನೂ ದೇಶಕ್ಕೆ ಕೇಡು ಬಯಸೋನು ಅಂದಿದ್ದರು. ಕರ್ತನು ಲೆಕ್ಕ ಇಟ್ಟಿದ್ದಾನೆ.

ಮತ್ತು ಈ ಸಾಲ ಯಾರದ್ದು ಅಂತ ಯೋಚಿಸಿ. ನಾವು ಯೆರೆಮೀಯನ ಪುಸ್ತಕವನ್ನ ಓದ್ತೀವಿ. ಹೊಸ ಒಡಂಬಡಿಕೆಯ ವಾಗ್ದಾನ ಇರೋದು ಅದೇ ಪ್ರವಾದಿಯ 31ನೇ ಅಧ್ಯಾಯದಲ್ಲಿ. ಪ್ರತಿ ಸಲ ಕರ್ತನ ಮೇಜಿಗೆ ಬರುವಾಗ ಆ ಒಡಂಬಡಿಕೆಯನ್ನೇ ನೆನೀತೀವಿ. ಆ ಮಾತನ್ನ ಹೊತ್ತ ಪ್ರವಾದಿ ಕೆಸರಿನಲ್ಲಿ ಸಾಯದ ಹಾಗೆ ಹಗ್ಗ ಹಿಡಿದದ್ದು ಕೂಷಿನ ಒಬ್ಬ ಮನುಷ್ಯನ ಕೈ. ಸುಡಾನಿನ ಮಣ್ಣಿನ ಕೈ. ಈಗ ಅವನ ನಾಡಿನ ಮಕ್ಕಳು ಬಾವಿಯಲ್ಲಿದ್ದಾರೆ. ನಾವು ಅರಮನೆಯಲ್ಲಿದ್ದೀವಿ.

ಈ ವಾರ ಮೂರು ಕೆಲಸ. ಬುಧವಾರದ ಉಪವಾಸ ಪ್ರಾರ್ಥನೆಯಲ್ಲಿ ಒಂದು ಗಂಟೆ ಸುಡಾನಿಗೆ ಮಾತ್ರ. ನಮ್ಮ ಯೌವನಸ್ಥರ ತಂಡ ಸಂಸದರಿಗೆ ಬರೆಯುವ ಕಾಗದ ಸಿದ್ಧ ಮಾಡುತ್ತೆ, ಓದಿ, ಒಪ್ಪಿಗೆ ಇದ್ದವರು ಸಹಿ ಹಾಕಿ. ಒತ್ತಾಯ ಇಲ್ಲ. ಮೂರನೆಯದು, ಮುಂದಿನ ಭಾನುವಾರದೊಳಗೆ ಯುದ್ಧ ನಡೆಯುವ ದೇಶದಿಂದ ಬಂದ ಒಬ್ಬರನ್ನಾದರೂ ಮಾತಾಡಿಸಿ. ಊಟಕ್ಕೆ ಕರೀರಿ. ಅವರನ್ನ ಚರ್ಚಿಗೆ ಕರ್ಕೊಂಡು ಬರೋ ಲೆಕ್ಕಾಚಾರ ಇಟ್ಕೊಂಡು ಕರೀಬೇಡಿ. ಊಟಕ್ಕೆ ಅಂದರೆ ಊಟಕ್ಕೆ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಮ್ಯೂಸಿಕ್ ಬೇಡ, ಒಂದು ನಿಮಿಷ ಹಾಗೇ ಇರಲಿ. ಮಾತು ಬರದೇ ಇದ್ದರೆ ನರಳಿ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಆತ್ಮನೇ ನಮ್ಮೊಳಗೆ ನರಳ್ತಾನೆ ಅಂತ ಓದಿದ್ದೀವಿ.

ಕರ್ತನೇ, ಕೂಷಿನ ದೇವರೇ, ಕರ್ನಾಟಕದ ದೇವರೇ, ನಿನಗೆ ಸ್ತೋತ್ರ. ಎಲ್ ಫಾಶರ್‌ನ ಬೀದಿಗಳಲ್ಲಿ ಹೆಸರಿಲ್ಲದೆ ಹೂತುಹೋದವರ ಹೆಸರು ನಿನಗೆ ಗೊತ್ತು. ಚಾಡ್ ಗಡಿಯ ಡೇರೆಗಳಲ್ಲಿ ಈ ರಾತ್ರಿ ಹಸಿದು ಮಲಗುವ ಮಕ್ಕಳು ನಿನಗೆ ಗೊತ್ತು. ಬಂದೂಕು ಹಿಡಿದವರ ಹೃದಯ ಮುರಿ ತಂದೆಯೇ. ಅವರಿಗೆ ಆಯುಧ ಮಾರುವವರ ಕೈ ತಡೆ. ಓಣಿಯಲ್ಲಿ ಅಡುಗೆ ಮಾಡಿ ಬಡಿಸುವ ಆ ತಮ್ಮ ತಂಗಿಯರ ಪಾತ್ರೆ ಬರಿದಾಗದಿರಲಿ. ಫೋನ್ ಸ್ವಿಚ್ ಆಫ್ ಆದ ಅಣ್ಣಂದಿರಿಗಾಗಿ ಕಾಯುವವರನ್ನ ಸಂತೈಸು. ನಮ್ಮ ಬಾಯಿಯನ್ನ ಮುಟ್ಟು. ಇಲ್ಲಿ ನಿನ್ನನ್ನ ಸ್ತುತಿಸಿದ ಇದೇ ನಾಲಿಗೆ ನಾಳೆ ಕಾಲೇಜಿನಲ್ಲಿ, ಆಫೀಸಿನಲ್ಲಿ, ಅಧಿಕಾರದಲ್ಲಿ ಇರುವವರ ಮುಂದೆ ಅವರಿಗೋಸ್ಕರ ಸತ್ಯವನ್ನ ಮೃದುವಾಗಿ, ಹೆದರದೆ ಮಾತಾಡಲಿ. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ.

ಆಮೆನ್. ಕರ್ತನು ನಿಮ್ಮನ್ನ ಆಶೀರ್ವದಿಸಲಿ. ಹೋಗುವಾಗ ಕಾಗದದ ಪ್ರತಿ ಹಿಂದಿನ ಮೇಜಿನ ಮೇಲಿದೆ.